ಐದು ತಿಂಗಳ ಬಸುರಿ, ಹುಬ್ಬಳ್ಳಿ ನಳದ ನೀರು. ತವರು ಮುಂಡರಗಿ ಕಡೆ. ಯಾವ ಫಿಲ್ಟರ್ ಕೊಳ್ಳಲಿ?

ಫಿಲ್ಟರ್ ಮಾತು ಆಮೇಲೆ. ಕುದಿಸಿದ ನೀರನ್ನು ಹೇಗೆ ಆರಿಸುತ್ತೀರಿ, ಅದನ್ನು ಮೊದಲು ಹೇಳಿ.

ನಾನೂ ಹುಬ್ಬಳ್ಳಿಯವಳೇ. ನಮ್ಮ ಓಣಿಗೆ ಮಲಪ್ರಭೆ ನೀರು ಎಂಟು ದಿನಕ್ಕೊಮ್ಮೆ. ಬಸುರಿ ಅಂತ ಗೊತ್ತಾದ ದಿನದಿಂದ ಕುದಿಸದ ನೀರು ಮುಟ್ಟಿಲ್ಲ ಅಂತ ಡಾಕ್ಟರ್ ಮುಂದೆ ಎದೆ ತಟ್ಟಿ ಹೇಳಿದವಳು ನಾನು. ಆದರೆ ಏಪ್ರಿಲ್ ಬಿಸಿಲು ಗೊತ್ತಲ್ವಾ? ಬೆಳಿಗ್ಗೆ ಕುದಿಸಿದ್ದು ಮಧ್ಯಾಹ್ನವೂ ಬೆಚ್ಚಗೇ ಇರುತ್ತಿತ್ತು. ಅದಕ್ಕೆ ಅರ್ಧ ತಂಬಿಗೆ ಕುದಿಸಿದ್ದು, ಅರ್ಧ ಕೊಡದ ತಣ್ಣೀರು. ಬಿಸಿಗೆ ಹುಳ ಸಾಯುತ್ತವೆ ಅಂದುಕೊಂಡಿದ್ದೆ. ಸಾಯಲ್ಲ. ಬೆರೆಸಿದ ಮೇಲೆ ಅದು ಉಗುರುಬೆಚ್ಚಗಿನ ಹಸಿ ನೀರು, ಅಷ್ಟೇ. ಮಜ್ಜಿಗೆಗೂ ಅದೇ ಕೊಡ. ಸುಮ್ನೆ ಗ್ಯಾಸ್ ಸುಟ್ಟೆ.

ಆ ಕೊಡ ತುಂಬಿದ್ದಾದರೂ ಯಾವಾಗ? ನಳ ಬಂದ ಕೂಡಲೇ, ಎಲ್ಲರಿಗಿಂತ ಮೊದಲು. ನೀರಿಲ್ಲದ ದಿನ ಪೈಪ್ ಖಾಲಿ ಇರುತ್ತದೆ. ಒಡಕಿದ್ದಲ್ಲಿ ಗಟಾರದ್ದು ಒಳಗೆ ಜಿನುಗುತ್ತದೆ. ನೀರು ಬಿಟ್ಟಾಗ ಮೊದಲು ಹೊರಬರುವುದು ಅದೇ.

ಕುಬಸ ಮುಗಿಸಿ ತವರಿಗೆ ಬಂದಿದ್ದೆ. ಊಟ ಸೇರದು, ವಾಂತಿ. ಬಸುರಿಗೆ ಇದ್ದದ್ದೇ ಅಂದರು ಎಲ್ಲ. ಅವ್ವ ಮಾತ್ರ ಕಣ್ಣು ನೋಡಿ, "ಕಾಮಣಿ ಆಗೇತಿ" ಅಂದಳು. ಹೆಪಟೈಟಿಸ್ ಇ, ಹೊಲಸು ನೀರಿನಿಂದ ಬರುವ ಕಾಮಾಲೆ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿ ಇಳಿಯುವ ಕಾಯಿಲೆ. ಕೊನೆಯ ಮೂರು ತಿಂಗಳ ಬಸುರಿಯರಲ್ಲಿ ಮಾತ್ರ ನೂರಕ್ಕೆ 20–25 ಜನರ ಜೀವ ತೆಗೆಯಬಲ್ಲದು. 34ನೇ ವಾರಕ್ಕೇ ಹೆರಿಗೆಯಾಯಿತು. ಮಗಳು 1.8 ಕೆಜಿ, ಹನ್ನೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿ. ನಾನು ಮುಖ ನೋಡಿದ್ದು ಐದನೇ ದಿನ.

ಹಾಗಾಗಿ ಹುಬ್ಬಳ್ಳಿ ನಳದ ನೀರಿಗೆ ಆರ್‌ಓ ಫಿಲ್ಟರ್ ಮೇಲೆ ದುಡ್ಡು ಸುರಿಯಬೇಡಿ ಅಂತಲೇ ಹೇಳುತ್ತೇನೆ. ಹುಳಕ್ಕೆ ಸರಿಯಾಗಿ ಕುದಿಸುವುದೇ ಸಾಕು. ಮೊದಲ ಹತ್ತು ನಿಮಿಷದ ನೀರು ಬಟ್ಟೆಗೆ, ಅಂಗಳಕ್ಕೆ. ಕುಡಿಯುವುದನ್ನು ರಾತ್ರಿಯೇ ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಬೆಳಿಗ್ಗೆ ಆರಿರುತ್ತದೆ. ಹಿಡಿ ಇರುವ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ.

ತವರು ಮುಂಡರಗಿ ಕಡೆ ಅಂದಿದ್ದೀರಿ. ಹೆರಿಗೆಗೆ ಹೋದರೆ ಅಲ್ಲಿ ಲೆಕ್ಕ ಬೇರೆ. ಆ ಭಾಗದ ಬೋರ್ ನೀರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪರೀಕ್ಷೆ ಮಾಡಿಸಿ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ದರೆ ಅಲ್ಲಿ ಆರ್‌ಓ ನೀರೇ ಕುಡಿಯಿರಿ.

ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ಮನೆಯವರು ಕಾಮಣಿಗೆ ನಾಟಿ ಔಷಧಿ ಹಾಕಿಸೋಣ ಅಂತಾರೆ. ನೀವು ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.