ಯಾವ ಕೆಲಸಕ್ಕೆ ಯಾವ ಕಚೇರಿ: ತುಮಕೂರು ಜಿಲ್ಲೆಯ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ನಿಟ್ಟೂರು ಹೋಬಳಿಯ ಒಂದು ಹಳ್ಳಿ. ನಮ್ಮ ತಂದೆಯವರು ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಎರಡು ಎಕರೆ ತೆಂಗಿನ ತೋಟವೂ ಊರೊಳಗಿನ ಮನೆಯೂ ಇಂದಿಗೂ ಅವರ ಹೆಸರಿನಲ್ಲಿಯೇ ಇವೆ. ಪಂಚಾಯಿತಿಗೆ ಹೋದರೆ ನಾಡಕಚೇರಿಗೆ ಹೋಗಿ ಎನ್ನುತ್ತಾರೆ. ನಾಡಕಚೇರಿಯವರು ಮರಣ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ. ಅದನ್ನು ಕೇಳಿದರೆ ಪಂಚಾಯಿತಿಯವರು ನಮ್ಮಲ್ಲಿ ಸಿಗುವುದಿಲ್ಲ ಎನ್ನುತ್ತಾರೆ. ಎಲ್ಲಿಂದ ಆರಂಭಿಸಬೇಕು? (ಓದುಗರೊಬ್ಬರು, ಗುಬ್ಬಿ ತಾಲ್ಲೂಕು)

ಉತ್ತರ: ನಿಮ್ಮನ್ನು ಅಲೆದಾಡಿಸಿದ ಎರಡೂ ಕಚೇರಿಯವರು ಹೇಳಿದ್ದು ನಿಜವೇ. ಆದರೆ ಪೂರ್ತಿ ವಿಷಯವನ್ನು ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯ ಆಡಳಿತದಲ್ಲಿ ಎರಡು ಏಣಿಗಳಿವೆ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್, ಕಂದಾಯ ನಿರೀಕ್ಷಕ, ಗ್ರಾಮ ಆಡಳಿತಾಧಿಕಾರಿ (ನಮ್ಮ ಹಳ್ಳಿಗಳಲ್ಲಿ ಇಂದಿಗೂ ‘ವಿಎ’ ಅಥವಾ ‘ಶಾನುಭೋಗರು’) ಎಂದು ಇಳಿದು ಬರುವುದು ಕಂದಾಯದ ಏಣಿ, ನಾಡಕಚೇರಿ ಇದಕ್ಕೇ ಸೇರಿದ್ದು. ಜಿಲ್ಲಾ ಪಂಚಾಯಿತಿಯ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ), ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎಂದು ಇಳಿಯುವುದು ಪಂಚಾಯಿತಿಯ ಏಣಿ. ಹೊಲ, ತೋಟ, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲನೆಯದಕ್ಕೆ ಸೇರಿವೆ. ಊರೊಳಗಿನ ಮನೆ, ನಲ್ಲಿ, ಚರಂಡಿ, ಬೀದಿದೀಪ ಎರಡನೆಯದಕ್ಕೆ ಸೇರಿವೆ. ಪಿಡಿಒ ಅವರ ಮೇಲೆ ತಹಶೀಲ್ದಾರರಿಗೆ ದೂರು ಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ನಾನು ಕಂಡಿದ್ದೇನೆ. ಆ ದೂರು ಬೇರೆ ಏಣಿಯನ್ನು ಹತ್ತಬೇಕಾಗಿತ್ತು. ನಿಮ್ಮ ತೋಟ ಒಂದು ಏಣಿಯಲ್ಲಿದೆ, ಮನೆ ಇನ್ನೊಂದರಲ್ಲಿದೆ. ಆದ್ದರಿಂದ ನೀವು ಎರಡು ಅರ್ಜಿಗಳನ್ನು ಕೊಡಬೇಕಾಗುತ್ತದೆ.

ಎರಡಕ್ಕೂ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. ಜನನವಾಗಲಿ ಮರಣವಾಗಲಿ ಅದು ನಡೆದ ಸ್ಥಳದಲ್ಲಿಯೇ ನೋಂದಣಿಯಾಗಬೇಕೆಂಬುದು 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮ. ಸತ್ತವರು ಯಾವ ಊರಿನವರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಿಥಿ ನಿಟ್ಟೂರಿನಲ್ಲಿ ನಡೆದಿರಬಹುದು, ನೋಂದಣಿ ಮಾತ್ರ ಬೆಂಗಳೂರಿನಲ್ಲಿಯೇ ಆಗಬೇಕು. ಆಸ್ಪತ್ರೆಯಲ್ಲಿ ಸಂಭವಿಸಿದ ಮರಣವನ್ನು 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸುವ ಹೊಣೆ ಆಸ್ಪತ್ರೆಯದೇ ಆಗಿರುವುದರಿಂದ ನಿಮ್ಮ ತಂದೆಯವರ ಮರಣ ಈಗಾಗಲೇ ದಾಖಲಾಗಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ನಿಮಗೆ ಬೇಕಾಗಿರುವುದು ಅದರ ಪ್ರತಿ ಮಾತ್ರ. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಅಥವಾ ಅಂದು ಶವದೊಡನೆ ಕೊಟ್ಟ ಚೀಟಿ ಮನೆಯಲ್ಲಿದ್ದರೆ ಹುಡುಕಿಟ್ಟುಕೊಳ್ಳಿ, ದಾಖಲೆ ಪತ್ತೆಮಾಡಲು ಅದು ನೆರವಾಗುತ್ತದೆ. ಒಂದು ವೇಳೆ ನೋಂದಣಿಯೇ ಆಗಿಲ್ಲವೆಂದಾದರೆ, ವರ್ಷ ಮೀರಿದ ಪ್ರಕರಣವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಈ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ.

ಆನಂತರದ್ದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಊರಿನಲ್ಲಿ ವಿಚಾರಣೆ ನಡೆಸಿ ವರದಿ ಕೊಡುತ್ತಾರೆ. ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ: ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ಬಿಡಬೇಡಿ. ‘ಅವರು ಕೇಳುವುದಿಲ್ಲ ಬಿಡಿ’ ಎಂದು ಪಕ್ಕದ ಮನೆಯವರು ಹೇಳಬಹುದು, ಅಕ್ಕನೇ ಹಾಗೆ ಹೇಳಿರಲೂಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಹೆಸರು ಬಿಟ್ಟ ವಂಶವೃಕ್ಷವು ಹತ್ತು ವರ್ಷಗಳ ಮೇಲೆ ಸಿವಿಲ್ ದಾವೆಯಾಗಿ ಮನೆ ಬಾಗಿಲಿಗೆ ಬರುತ್ತದೆ. ಅವರಿಗೆ ಪಾಲು ಬೇಡವೆಂದಿದ್ದರೆ ಮೊದಲು ಹೆಸರು ಸೇರಿಸಿ, ಆಮೇಲೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳಿ.

ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡೂ ಕೈಗೆ ಬಂದ ಮೇಲೆ ತೋಟಕ್ಕೆ ಪೌತಿ ಖಾತೆಯ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿಯನ್ನು ನಾಡಕಚೇರಿಯಲ್ಲಿಯೂ ಮನೆಯ ಖಾತೆ ಬದಲಾವಣೆಯ ಅರ್ಜಿಯನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಕೊಡಿ. ಅದಕ್ಕೂ ಮುಂಚೆ ಹೊಸದಾಗಿ ಒಂದು ಪಹಣಿ ತೆಗೆಸಿ, ಮನೆಯಲ್ಲಿ ಕುಳಿತು ನಿಧಾನವಾಗಿ ಓದಿ. 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, 10ರಲ್ಲಿ ಆ ಹಕ್ಕು ಹೇಗೆ ಬಂದಿತೆಂಬ ವಿವರವಿರುತ್ತದೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳಿರುತ್ತವೆ. ನಮ್ಮ ಕಡೆ ಅರ್ಜಿಗಳು ತೊಡಕಿಗೆ ಸಿಲುಕುವುದು 9ನೇ ಕಲಂನ ಹೆಸರಿನಲ್ಲಿಯೇ: ಪಹಣಿಯಲ್ಲಿ ‘ಅಯ್ಯ’ ಎಂದು ಮುಗಿದ ಹೆಸರು ಆಧಾರ್‌ನಲ್ಲಿ ‘ಅಪ್ಪ’ ಎಂದು ಮುಗಿದಿರುತ್ತದೆ, ‘ಬಿನ್’ (ಇಂಥವರ ಮಗ) ಎಂಬುದರ ಮುಂದೆ ಅಜ್ಜನ ಹೆಸರಿನ ಬದಲು ಮನೆತನದ ಅಡ್ಡಹೆಸರು ಕುಳಿತಿರುತ್ತದೆ. ನಮ್ಮ ತಾತನವರ ಪಹಣಿಯಲ್ಲಿಯೂ ಹೀಗೆಯೇ ಆಗಿತ್ತು. ಇಬ್ಬರೂ ಒಬ್ಬರೇ ಎಂದು ತೋರಿಸಲು ನಮ್ಮ ತಂದೆಯವರು ಒಂದು ಬೇಸಿಗೆಯನ್ನೇ ಕಳೆದರು. ವ್ಯತ್ಯಾಸವಿದ್ದರೆ ಅರ್ಜಿಯ ಜೊತೆಯಲ್ಲಿಯೇ ಪ್ರಮಾಣಪತ್ರ (ಅಫಿಡವಿಟ್) ಮತ್ತು ಹಳೆಯ ದಾಖಲೆಗಳನ್ನು ಲಗತ್ತಿಸಿ. ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ ಎಂಬುದೂ ನೆನಪಿನಲ್ಲಿರಲಿ. ಹಕ್ಕು ಬರುವುದು ವಾರಸಿನಿಂದ, ಖಾತೆ ಅದರ ದಾಖಲೆ.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ‘ಕೌಂಟಿ’ ಕಚೇರಿಯೊಂದಕ್ಕೆ ಹೋದರೆ ಮನೆಯ ದಾಖಲೆ, ತೆರಿಗೆ, ಮದುವೆಯ ಪರವಾನಗಿ ಎಲ್ಲವೂ ಸಿಗುತ್ತವೆ ಎನ್ನುತ್ತಾಳೆ. ನಮ್ಮ ಜಿಲ್ಲಾಧಿಕಾರಿ ಕಚೇರಿಯೂ ಅಂಥದ್ದೇ ಅಲ್ಲವೇ? (ನಿವೃತ್ತ ಶಿಕ್ಷಕರು, ತಿಪಟೂರು)

ಉತ್ತರ: ಮೇಲ್ನೋಟಕ್ಕೆ ಹೋಲಿಕೆ ಇದೆ, ಒಳಗೆ ಇಲ್ಲ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿಯನ್ನು ಜನರು ಆರಿಸಿದ ಮಂಡಳಿ ನಡೆಸುತ್ತದೆ. ಷೆರಿಫ್ ಎಂಬ ಪೊಲೀಸ್ ಅಧಿಕಾರಿಯನ್ನೂ ಸಾಮಾನ್ಯವಾಗಿ ಜನರೇ ಆರಿಸುತ್ತಾರೆ. ನಮ್ಮ ಜಿಲ್ಲಾಧಿಕಾರಿಗಳು ಸರ್ಕಾರದಿಂದ ನೇಮಕಗೊಂಡವರು. ಮಗಳು ಹೇಳಿದ ಮೂರು ಕೆಲಸಗಳೂ ಇಲ್ಲಿ ಮೂರು ಕಡೆ ಹಂಚಿಹೋಗಿವೆ: ಕ್ರಯಪತ್ರ ಮತ್ತು ಹಿಂದೂ ವಿವಾಹದ ನೋಂದಣಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಮನೆ ತೆರಿಗೆ ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ, ಜಮೀನಿನ ದಾಖಲೆ ತಹಶೀಲ್ದಾರರಲ್ಲಿ. ಜಿಲ್ಲಾಧಿಕಾರಿ ಕಚೇರಿಗೆ ನೇರವಾಗಿ ಹೋಗಬೇಕಾದ ಸಾಮಾನ್ಯ ನಾಗರಿಕರ ಕೆಲಸಗಳು ಬಹಳ ಕಡಿಮೆ. ತಿಪಟೂರಿನಿಂದ ತುಮಕೂರಿಗೆ ರೈಲು ಹತ್ತುವ ಮೊದಲು ಹೋಬಳಿ ಮಟ್ಟದಲ್ಲಿ ಕೇಳಿನೋಡುವುದು ಒಳ್ಳೆಯದು.

ಪ್ರಶ್ನೆ: ಆದಾಯ ಪ್ರಮಾಣಪತ್ರಕ್ಕಾಗಿ ಕಾಗದಗಳನ್ನು ಕೊಟ್ಟು ಐದು ವಾರಗಳಾದವು. ‘ಮುಂದಿನ ವಾರ ಬಾ’ ಎನ್ನುತ್ತಿದ್ದಾರೆ. ವಿದ್ಯಾರ್ಥಿವೇತನದ ಕೊನೆಯ ದಿನ ಹತ್ತಿರ ಬರುತ್ತಿದೆ. (ಪದವಿ ವಿದ್ಯಾರ್ಥಿ, ಶಿರಾ)

ಉತ್ತರ: ನಿಮ್ಮ ಬಳಿ ಸ್ವೀಕೃತಿ ಇದೆಯೇ? ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲದಿರುವುದರಿಂದ ಇಲ್ಲವೆಂದು ಊಹಿಸುತ್ತೇನೆ. ಕಾಗದಗಳನ್ನು ಮೇಜಿನ ಮೇಲಿಟ್ಟು ಬಂದರೆ ಅರ್ಜಿ ಕೊಟ್ಟಂತಾಗುವುದಿಲ್ಲ. ಗಣಕಯಂತ್ರದಲ್ಲಿ ದಾಖಲಾಗಿ, 15 ಅಂಕಿಗಳ ಸಕಾಲ (ಗಡುವಿನೊಳಗೆ ಸೇವೆ ಕೊಡುವ ಕಾಯ್ದೆ) ಸಂಖ್ಯೆಯಿರುವ ಸ್ವೀಕೃತಿ ಕೈಗೆ ಬಂದಾಗಲೇ ಕಾನೂನಿನ ದೃಷ್ಟಿಯಲ್ಲಿ ಅರ್ಜಿ ಹುಟ್ಟುತ್ತದೆ. ಇಂದೇ ಹೋಗಿ ಆ ಸಂಖ್ಯೆಯನ್ನು ಕೇಳಿ. ದಾಖಲಾಗಿಲ್ಲವೆಂದರೆ ಎದುರಿಗೇ ನಿಂತು ಹೊಸದಾಗಿ ದಾಖಲಿಸಿ.

ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯ್ದೆ 2011ರದು. ಜನರು ಅದನ್ನು ಸಕಾಲ ಎಂದೇ ಕರೆಯುತ್ತಾರೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಸ್ವೀಕೃತಿಯಲ್ಲಿ ನಮೂದಾದ ದಿನಾಂಕ ದಾಟಿದರೆ, ಅಥವಾ ಅರ್ಜಿ ತಿರಸ್ಕೃತವಾದರೆ, ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರವೂ ಉಂಟು. ಮೊತ್ತ ಚಿಕ್ಕದು, ಆದರೆ ಅದು ತಡಮಾಡಿದ ಅಧಿಕಾರಿಯ ಮೇಲೆಯೇ ಬೀಳುವುದರಿಂದ ಮೇಲ್ಮನವಿಯ ಮಾತೆತ್ತಿದ ಕೂಡಲೇ ಕಡತಗಳು ಚುರುಕಾಗುವುದನ್ನು ನೋಡಿದ್ದೇನೆ. ಕೆಲಸ ಮುಂದುವರಿಯದಿದ್ದರೆ ಮುಖ್ಯಮಂತ್ರಿಗಳ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ, ಅಲ್ಲಿಯೂ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ.

ಪ್ರಶ್ನೆ: ತುಮಕೂರು ನಗರದ ಅಂಚಿನ ಬಡಾವಣೆಯಲ್ಲಿದ್ದೇವೆ. ಬೀದಿದೀಪ ಕೆಟ್ಟು ತಿಂಗಳಾಯಿತು. ಪಾಲಿಕೆಯವರು ನಿಮ್ಮದು ಪಂಚಾಯಿತಿ ಎನ್ನುತ್ತಾರೆ. (ಗೃಹಿಣಿ, ತುಮಕೂರು)

ಉತ್ತರ: ಮನೆ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ಅದರ ಮೇಲೆ ಯಾರ ಮೊಹರು ಇದೆಯೋ ದೀಪ ಅವರ ಹೊಣೆ. ಬೀದಿಗೆ ವಿದ್ಯುತ್ತೇ ಬರುತ್ತಿಲ್ಲವಾದರೆ ಅದು ಬೆಸ್ಕಾಂ ಕೆಲಸ, ಅದಕ್ಕೆ 1912.

ಪ್ರಶ್ನೆ: ಪಾವಗಡ ತಾಲ್ಲೂಕಿನಲ್ಲಿರುವ ನಮ್ಮ ತವರಿನ ಜಮೀನಿಗೆ, ನನಗೆ ತಿಳಿಸದೆ ಅಣ್ಣಂದಿರ ಹೆಸರಿಗೆ ಮಾತ್ರ ಖಾತೆ ಮಾಡಿದ್ದಾರೆ. ತುಮಕೂರಿಗೆ ಹೋಗಿ ಜಿಲ್ಲಾಧಿಕಾರಿಗಳನ್ನು ಕಾಣಬೇಕೆಂದಿದ್ದೇನೆ. (ಓದುಗರು, ಪಾವಗಡ)

ಉತ್ತರ: ಅಷ್ಟು ದೂರ ಹೋಗುವ ಅಗತ್ಯ ಈಗಲೇ ಇಲ್ಲ. ಖಾತೆ ಬದಲಾವಣೆಯ ಆದೇಶದ ಮೇಲಿನ ಮೊದಲ ಮೇಲ್ಮನವಿ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಂತೆ ಉಪವಿಭಾಗಾಧಿಕಾರಿಗಳಿಗೆ ಸಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ ಎಂದು ಮೂರು ಉಪವಿಭಾಗಗಳಿವೆ. ಪಾವಗಡ ಮಧುಗಿರಿಗೆ ಸೇರಿದೆ. ಜಿಲ್ಲಾಧಿಕಾರಿಗಳ ಮುಂದೆ ಹೋಗುವ ಸಂದರ್ಭ ಬರುವುದು ಮಧುಗಿರಿಯ ಆದೇಶವೂ ನಿಮಗೆ ಒಪ್ಪಿಗೆಯಾಗದಿದ್ದಾಗ. ಮೇಲ್ಮನವಿಗೆ ಕಾಲಮಿತಿ ಇರುವುದರಿಂದ ಖಾತೆ ಯಾವ ದಿನಾಂಕದಂದು ಆಯಿತು, ನಿಮಗೆ ಎಂದು ಗೊತ್ತಾಯಿತು ಎಂಬೆರಡನ್ನೂ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಮ್ಯುಟೇಷನ್ (ಖಾತೆ ಬದಲಾವಣೆ) ಕಡತದ ಪ್ರತಿಯನ್ನು, ವಿಶೇಷವಾಗಿ ಅದಕ್ಕೆ ಲಗತ್ತಿಸಿದ ವಂಶವೃಕ್ಷವನ್ನು, ತಾಲ್ಲೂಕು ಕಚೇರಿಯಿಂದ ಮೊದಲು ಪಡೆಯಿರಿ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ 150 ಪದಗಳೊಳಗೆ. ಅಣ್ಣಂದಿರ ಮೇಲಿನ ನೋವನ್ನು ಅದರಲ್ಲಿ ಬರೆಯಬೇಡಿ. ಸರ್ವೆ ನಂಬರ್, ಗ್ರಾಮ, ಹೋಬಳಿ, ಮ್ಯುಟೇಷನ್ ಸಂಖ್ಯೆ, ಬೇಕಾದ ಕಾಗದದ ಹೆಸರು ಇಷ್ಟಿದ್ದರೆ ಸಾಕು. ಮ್ಯುಟೇಷನ್ ಸಂಖ್ಯೆ ಹೊಸ ಪಹಣಿಯ 10ನೇ ಕಲಂನಲ್ಲಿ ಸಿಗುತ್ತದೆ.