ಬಿಪಿ ಇನ್ನೂ ಕಡಿಮೆ ಇರುವಾಗ ಡ್ರಿಪ್ಸ್ ಯಾಕೆ ನಿಲ್ಲಿಸಿದರು?

ನಿಮ್ಮ ಪ್ರಶ್ನೆ ಇದು: ಅಪ್ಪನಿಗೆ ಮೂತ್ರದ ಸೋಂಕು ರಕ್ತಕ್ಕೆ ಏರಿದೆ, ತುಮಕೂರಿನಲ್ಲಿ ಐಸಿಯುನಲ್ಲಿದ್ದಾರೆ. ಮೊದಲ ದಿನ ಬಾಟಲ್ ಮೇಲೆ ಬಾಟಲ್ ಹಾಕಿದರು. ಮಾರನೇ ದಿನ ಡಾಕ್ಟರು ಮಂಚದ ಕಾಲಿನ ಕಡೆ ಎತ್ತಿಸಿ, ಎದೆ ಮೇಲೆ ಸ್ಕ್ಯಾನ್ ಇಟ್ಟು ನೋಡಿ, ‘ಇನ್ನು ಫ್ಲೂಯಿಡ್ ಬೇಡ’ ಅಂದರು. ಬಿಪಿ ಇನ್ನೂ 84/50 ಇದೆ. ಕೈಬಿಟ್ಟುಬಿಟ್ಟರಾ?

ನಾನು ಕೋಲಾರದಲ್ಲಿ ಐಸಿಯು ಡಾಕ್ಟರ್. ನಿಮ್ಮ ಅಪ್ಪನನ್ನು ನೋಡದೆ ಅವರ ಬಗ್ಗೆ ತೀರ್ಪು ಕೊಡಲಾರೆ. ಆದರೆ ನೀವು ಬರೆದಿರುವುದನ್ನು ಓದಿದರೆ ಕೈಬಿಟ್ಟ ಹಾಗೆ ಕಾಣುವುದಿಲ್ಲ. ಇನ್ನೊಂದು ಬಾಟಲ್ ಏರಿಸುವ ಮೊದಲು ಮಾಡಬೇಕಾದ ಕೆಲಸವನ್ನೇ ಅವರು ಮಾಡಿದ್ದಾರೆ.

ನಮ್ಮ ಕಡೆ ಸುಸ್ತು ಅಂದರೆ ಸಾಕು, ‘ಎರಡು ಬಾಟಲ್ ಗ್ಲೂಕೋಸ್ ಹಾಕಿಸಿಕೊಂಡು ಬಾ’ ಅಂತಾರೆ. ಹಾಗಾಗಿ ಸ್ಟ್ಯಾಂಡಿನಲ್ಲಿ ಬಾಟಲ್ ಕಾಣದಿದ್ದರೆ ಚಿಕಿತ್ಸೆಯೇ ನಿಂತುಹೋಯಿತು ಅನಿಸುತ್ತದೆ. ಅದು ಸಹಜ.

ರಕ್ತನಾಳಕ್ಕೆ ಹಾಕಿದ ನೀರು ಹೃದಯವನ್ನು ತುಂಬಿಸುತ್ತದೆ. ತುಂಬಿದಷ್ಟೂ ಹೃದಯದ ಗೋಡೆ ಹಿಗ್ಗಿ, ಮುಂದಿನ ಬಡಿತದಲ್ಲಿ ಜಾಸ್ತಿ ರಕ್ತ ತಳ್ಳುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಅದು ದಾಟಿದ ಮೇಲೆ ಎಷ್ಟು ಹಾಕಿದರೂ ಮುಂದಕ್ಕೆ ಹೋಗುವ ರಕ್ತ ಹೆಚ್ಚುವುದಿಲ್ಲ. ನೀರು ಶ್ವಾಸಕೋಶದಲ್ಲಿ ಸೇರುತ್ತದೆ, ಕೈಕಾಲು ಊದುತ್ತವೆ, ಕಿಡ್ನಿಗೂ ಕಷ್ಟ. ಐಸಿಯು ರೋಗಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಫ್ಲೂಯಿಡ್ ಕೊಟ್ಟಾಗ ಹೃದಯದ ಹರಿವು ನಿಜವಾಗಿ ಹೆಚ್ಚಿದ್ದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಬಿಪಿ ನಂಬರ್ ಒಂದನ್ನೇ ನೋಡಿ ಯಾರು ಯಾವ ಅರ್ಧದಲ್ಲಿದ್ದಾರೆ ಅಂತ ಹೇಳಲು ಆಗುವುದಿಲ್ಲ.

ಅದಕ್ಕೇ ಕಾಲೆತ್ತುವ ಪರೀಕ್ಷೆ. ನನಗೆ ತುಂಬಾ ನಂಬಿಕೆ ಇರುವ ಪರೀಕ್ಷೆ ಇದು. ರೋಗಿಯ ತಲೆ ಕಡೆ ಮಂಚವನ್ನು 45 ಡಿಗ್ರಿ ಎತ್ತಿರುತ್ತೇವೆ. ಹೃದಯದಿಂದ ಪ್ರತಿ ಬಡಿತಕ್ಕೆ ಹೊರಬರುವ ರಕ್ತದ ಹರಿವನ್ನು ಎಕೋದಲ್ಲಿ, ಅಂದರೆ ಎದೆ ಮೇಲೆ ಇಟ್ಟು ಮಾಡುವ ಹೃದಯದ ಸ್ಕ್ಯಾನಿನಲ್ಲಿ, ಅಳೆಯುತ್ತೇವೆ. ಆಮೇಲೆ ಮಂಚವನ್ನೇ ಓರೆ ಮಾಡಿ ತಲೆ, ಎದೆ ಸಮತಟ್ಟಾಗಿ, ಕಾಲು 45 ಡಿಗ್ರಿ ಮೇಲೆ. ಕೈಯಿಂದ ಕಾಲು ಹಿಡಿದು ಎತ್ತಬಾರದು, ನೋವಾಗಿ ಎದೆಬಡಿತ ಏರಿದರೆ ಲೆಕ್ಕ ಕೆಡುತ್ತದೆ. ಕಾಲು, ಹೊಟ್ಟೆಯಲ್ಲಿದ್ದ ಸುಮಾರು 300 ಎಂಎಲ್ ರಕ್ತ ಹೃದಯದ ಕಡೆ ಹರಿಯುತ್ತದೆ. ಒಂದು ನಿಮಿಷದೊಳಗೆ ಮತ್ತೆ ಅಳೆಯಬೇಕು. ಎಕೋ ತೋರಿಸುವ ಹರಿವಿನ ಅಳತೆ 15 ಇದ್ದದ್ದು 18 ಆದರೆ ಈ ಹೃದಯಕ್ಕೆ ಫ್ಲೂಯಿಡ್ ಕೊಟ್ಟರೆ ಉಪಯೋಗ ಇದೆ. 15 ಇದ್ದದ್ದು ಹದಿನೈದೂವರೆಗೇ ನಿಂತರೆ ಇಲ್ಲ. ಸುಮಾರು 10 ಪರ್ಸೆಂಟ್ ಏರಿಕೆಯನ್ನು ಗಡಿ ಅಂತ ಇಟ್ಟುಕೊಳ್ಳುತ್ತೇವೆ. ಮಂಚ ಇಳಿಸಿದರೆ ರಕ್ತ ವಾಪಸ್ ಹೋಗುತ್ತದೆ. ಒಂದು ಹನಿಯೂ ಹೊರಗಿನಿಂದ ಹಾಕದೆ ಉತ್ತರ ಸಿಕ್ಕಿತು, ಅಲ್ವಾ?

ವೆಂಟಿಲೇಟರ್ ಮೇಲಿರುವವರಿಗೆ ಇನ್ನೊಂದು ದಾರಿ ಇದೆ. ಯಂತ್ರ ಉಸಿರು ತುಂಬುವಾಗಲೂ ಬಿಡುವಾಗಲೂ ನಾಡಿಯ ಒತ್ತಡ ಏರಿಳಿಯುತ್ತದೆ. ಆ ಏರಿಳಿತ 12–13 ಪರ್ಸೆಂಟ್ ದಾಟಿದರೆ ಫ್ಲೂಯಿಡ್ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಆದರೆ ರೋಗಿ ಸ್ವಂತ ಉಸಿರು ಎಳೆಯುತ್ತಿದ್ದರೆ, ಎದೆಬಡಿತ ತಾಳ ತಪ್ಪಿದ್ದರೆ, ಯಂತ್ರ ಚಿಕ್ಕ ಉಸಿರು ಕೊಡುತ್ತಿದ್ದರೆ ಈ ನಂಬರನ್ನು ನಂಬಬಾರದು. ಕುತ್ತಿಗೆಯ ಪೈಪಿನಿಂದ ಅಳೆಯುವ ಸಿವಿಪಿ, ಅಂದರೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದೊಳಗಿನ ಒತ್ತಡ, ನೋಡಿ ಬಾಟಲ್ ಹಾಕುವ ಹಳೇ ಅಭ್ಯಾಸವೂ ಇತ್ತು. ಫ್ಲೂಯಿಡ್‌ಗೆ ಹೃದಯ ಸ್ಪಂದಿಸುತ್ತದಾ ಅಂತ ಸಿವಿಪಿ ಹೇಳುವುದಿಲ್ಲ ಅನ್ನೋದು ಈಗ ಸ್ಪಷ್ಟ.

ಇನ್ನೊಂದು ಮಾತು, ನಮ್ಮ ಜೂನಿಯರ್‌ಗಳಿಗೂ ಪದೇ ಪದೇ ಹೇಳುತ್ತೇನೆ. ಹೃದಯ ಸ್ಪಂದಿಸುತ್ತದೆ ಅಂದಮಾತ್ರಕ್ಕೆ ಕೊಡಲೇಬೇಕು ಅಂತಿಲ್ಲ. ನಿಮಗೋ ನನಗೋ ಈಗ ಕಾಲೆತ್ತಿ ನೋಡಿದರೆ ಹರಿವು ಏರಬಹುದು. ಹಾಗಂತ ನಮಗೆ ಡ್ರಿಪ್ಸ್ ಬೇಕಾ? ದೇಹಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವ ಗುರುತೂ ಇರಬೇಕು. ಮೂತ್ರ ಕಡಿಮೆ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಒಂದು ವಸ್ತು) ಜಾಸ್ತಿ, ಬೆರಳ ತುದಿ ಒತ್ತಿ ಬಿಟ್ಟಾಗ 3 ಸೆಕೆಂಡಾದರೂ ಕೆಂಪು ಬರದಿರುವುದು, ಇಂಥವು.

ಸುಮ್ನೆ ಸುರಿದರೆ ಏನಾಗಬಹುದು ಅನ್ನೋದಕ್ಕೆ 2011ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಇದೆ. ಉಗಾಂಡ, ಕೀನ್ಯಾ, ಟಾಂಜಾನಿಯಾದಲ್ಲಿ ತೀವ್ರ ಜ್ವರದಿಂದ ಬಂದ 3,000ಕ್ಕೂ ಹೆಚ್ಚು ಮಕ್ಕಳಲ್ಲಿ, ವೇಗವಾಗಿ ಫ್ಲೂಯಿಡ್ ಪಡೆದವರಲ್ಲೇ ಸಾವು ಜಾಸ್ತಿ ಆಯಿತು. ಅಲ್ಲಿ ನಮ್ಮಂಥ ಐಸಿಯು ಇರಲಿಲ್ಲ, ಆದ್ದರಿಂದ ನೇರ ಹೋಲಿಕೆ ಸರಿಯಲ್ಲ. ಆದರೂ ಅದನ್ನು ಓದಿದ ಮೇಲೆ ಬಾಟಲನ್ನು ನಾನು ಔಷಧಿ ಅಂತಲೇ ನೋಡುತ್ತೇನೆ. ಅದಕ್ಕೂ ಡೋಸ್ ಇದೆ.

ಸೋಂಕಿನಲ್ಲಿ ರಕ್ತನಾಳಗಳು ಸಡಿಲವಾಗುತ್ತವೆ. ನಿಮ್ಮ ಅಪ್ಪನಿಗೆ ಪುಟ್ಟ ಪಂಪಿನಲ್ಲಿ ಔಷಧಿ ಹೋಗುತ್ತಿದ್ದರೆ ಅದು ಬಹುಶಃ ನಾರ್‌ಅಡ್ರಿನಲಿನ್. ಅದು ಸಡಿಲವಾದ ರಕ್ತನಾಳಗಳನ್ನು ಬಿಗಿ ಮಾಡಿ ಬಿಪಿ ಏರಿಸುತ್ತದೆ. ಫ್ಲೂಯಿಡ್‌ನಿಂದ ಉಪಯೋಗ ಇಲ್ಲ ಅಂತ ಗೊತ್ತಾದಾಗ ಅದಕ್ಕೆ ಹೋಗುವುದು ಸರಿಯಾದ ನಡೆ.

ನಾಳೆ ಡಾಕ್ಟರು ಸಿಕ್ಕಾಗ ಇಷ್ಟು ಕೇಳಿ: ಗಂಟೆಗೆ ಮೂತ್ರ ಎಷ್ಟು ಬರ್ತಿದೆ? ಲ್ಯಾಕ್ಟೇಟ್ ಇಳಿಯುತ್ತಿದೆಯಾ? ಶ್ವಾಸಕೋಶದಲ್ಲಿ ನೀರಿದೆಯಾ? ಐಸಿಯುಗೆ ಬರುವ ಮೊದಲು ಊರಿನ ಕ್ಲಿನಿಕ್‌ನಲ್ಲಿ ಡ್ರಿಪ್ಸ್ ಹಾಕಿಸಿದ್ದರೆ ಎಷ್ಟು ಬಾಟಲ್ ಅಂತ ಮರೆಯದೆ ತಿಳಿಸಿ. ಚೀಟಿ ಇದ್ದರೆ ಕೊಡಿ. ಆ ಲೆಕ್ಕ ಎಷ್ಟೋ ಸಲ ನಮಗೆ ಸಿಗುವುದೇ ಇಲ್ಲ.