ಅರಳುಮರಳಲ್ಲ, ಬಿ12 ಕೊರತೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಬಂದಿದ್ದವರಿಗೆ 58 ವರ್ಷ. ಎದುರಿಗೆ ಅವರನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಕರೆತಂದವರು ಸೊಸೆ. ಸುಮಾರು ಎಂಟು ತಿಂಗಳಿನಿಂದ ಅತ್ತೆಗೆ ಮರೆವು ಹೆಚ್ಚಿದೆ, ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ, ಮೊಮ್ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ, ಆಮೇಲೆ ಒಬ್ಬರೇ ಕುಳಿತು ಅಳುತ್ತಾರೆ, ಮದುವೆಯಾಗಿ ಬಂದಂದಿನಿಂದ ತಪ್ಪದೆ ಹಾಕುತ್ತಿದ್ದ ಬಾಗಿಲ ರಂಗೋಲಿಯನ್ನೂ ಬಿಟ್ಟಿದ್ದಾರೆ ಎಂದು ಅವರು ಹೇಳಿದರು. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ತಾಯಿಯ ಮನಸ್ಸು ಕುಗ್ಗಿದೆ ಎಂಬುದು ಮಗನ ಅಭಿಪ್ರಾಯ. ನೆಂಟರು ಅರವತ್ತಕ್ಕೆ ಅರಳುಮರಳು ಎಂದು ಮಾತು ಮುಗಿಸಿದ್ದರು.

ಮೊದಲ ಭೇಟಿಯ ಬಹುಭಾಗ ಅಗಲಿಕೆಯ ದುಃಖದ ಸುತ್ತಲೇ ನಡೆಯಿತು. ಹೊರಡುವಾಗ ಅಮ್ಮ ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದರು. ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿದಿತ್ತು, ಅದು ಅವರಿಗೆ ತಿಳಿದಿರಲಿಲ್ಲ. ಸೊಸೆ ಅದನ್ನು ಎತ್ತಿಕೊಂಡು ಹೋಗಿ ಕಾಲ ಬಳಿ ಇಟ್ಟ ರೀತಿ ನೋಡಿದರೆ ಇದು ದಿನನಿತ್ಯದ ಸಂಗತಿ ಎನಿಸಿತು. ಅವರನ್ನು ಮತ್ತೆ ಒಳಗೆ ಕರೆದು ಕೂರಿಸಿ ಕೇಳಿದೆ. “ಅಂಗಾಲಿಗೆ ಬಟ್ಟೆ ಸುತ್ತಿದ ಹಾಗಿರುತ್ತೆ ಮೇಡಂ, ನೆಲ ಸರಿಯಾಗಿ ತಿಳಿಯೋದಿಲ್ಲ. ಬೆರಳೆಲ್ಲ ಜುಮುಜುಮು ಅನ್ನುತ್ತೆ” ಎಂದರು. ರಂಗೋಲಿ ಬಿಟ್ಟದ್ದೂ ಬೇಸರದಿಂದಲ್ಲ. ಬೆಳಗಿನ ಕತ್ತಲಲ್ಲಿ ಬಗ್ಗಿ ಏಳುವಾಗ ತೂಗಿದಂತಾಗಿ ಎರಡು ಸಲ ಬೀಳುವುದರಲ್ಲಿದ್ದರು. ಆ ಭಯವನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎರಡನೆಯ ಭೇಟಿಗೆ ಮಾತ್ರೆ ಡಬ್ಬಿಯನ್ನೂ ತರಲು ಹೇಳಿದ್ದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಒಂಬತ್ತು ವರ್ಷದಿಂದ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ನಾಲ್ಕು ವರ್ಷದಿಂದ ನಡೆದಿತ್ತು. ಸುಸ್ತು ಎಂದು ಮೆಡಿಕಲ್ ಶಾಪಿನಿಂದ ತಾವೇ ಕೊಂಡು ನುಂಗುತ್ತಿದ್ದ ‘ರಕ್ತದ ಮಾತ್ರೆ’ಯೂ ಡಬ್ಬಿಯಲ್ಲಿತ್ತು. ಅದರಲ್ಲಿದ್ದದ್ದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಊಟದ ವಿವರ ಕೇಳುತ್ತ ಹೋದಂತೆ ಮನೆಯ ಹಾಲಿನ ಲೆಕ್ಕ ಬಿಚ್ಚಿಕೊಂಡಿತು. ಬರುವ ಹಾಲು ಮೊದಲು ಮೊಮ್ಮಕ್ಕಳಿಗೆ, ಉಳಿದದ್ದು ಮಗ-ಸೊಸೆಯ ಕಾಫಿಗೆ. ಅಮ್ಮನ ಲೋಟದಲ್ಲಿ ಡಿಕಾಕ್ಷನ್ನಿಗೆ ಒಂದು ಚಮಚ ಹಾಲು ಬಿದ್ದರೆ ಹೆಚ್ಚು. ಗಟ್ಟಿ ಮೊಸರು ಎಲ್ಲರ ಎಲೆಗೆ ಬಿದ್ದ ಮೇಲೆ ಪಾತ್ರೆ ತೊಳೆದಂಥ ನೀರುಮಜ್ಜಿಗೆ ಅವರ ಪಾಲು. ಶಾಕಾಹಾರಿ ಮನೆಯಾದ್ದರಿಂದ ಮೊಟ್ಟೆ, ಮೀನು, ಮಾಂಸದ ಮಾತಿಲ್ಲ. ಕೊನೆಯಲ್ಲಿ ಉಣ್ಣುವ ಹೆಂಗಸಿನ ತಟ್ಟೆಗೆ ಏನು ಉಳಿಯುತ್ತದೆ ಎಂದು ನಮ್ಮ ಮನೆಗಳಲ್ಲಿ ಯಾರೂ ನೋಡುವುದಿಲ್ಲ. ಇದನ್ನು ನಾನು ಎಷ್ಟೋ ಮನೆಗಳ ಕಥೆಯಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ.

ಬಿ12 ಜೀವಸತ್ವವನ್ನು ಗಿಡಗಳಾಗಲಿ ಪ್ರಾಣಿಗಳಾಗಲಿ ತಾವಾಗಿ ತಯಾರಿಸಲಾರವು. ಅದು ಕೆಲವು ಸೂಕ್ಷ್ಮಜೀವಿಗಳ ಸೃಷ್ಟಿ. ಹಸುವಿನ ಹೊಟ್ಟೆಯಲ್ಲಿರುವ ಇಂಥ ಜೀವಿಗಳಿಂದ ಅದು ಹಾಲಿಗೆ ಬರುತ್ತದೆ, ಹಾಗಾಗಿ ಸೊಪ್ಪು, ಕಾಳು, ರಾಗಿಯನ್ನು ಎಷ್ಟು ತಿಂದರೂ ಅದರ ಅಗತ್ಯ ತೀರದು. ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ ಮಾತ್ರ, 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗನೆ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಆಹಾರದಲ್ಲಿನ ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು, ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್‌ನ ದೀರ್ಘ ಬಳಕೆಯೂ ಬಿ12 ಹೀರಿಕೆಯನ್ನು ಕುಗ್ಗಿಸಬಲ್ಲದು. ರಕ್ತದ ಕೆಂಪು ಕಣಗಳು ಸರಿಯಾಗಿ ಬೆಳೆಯುವುದಕ್ಕೂ ನರಗಳ ಮೇಲಿನ ಹೊದಿಕೆ ಕೆಡದೆ ಇರುವುದಕ್ಕೂ ಈ ಸತ್ವ ಬೇಕು. ಕೊರತೆಯಾದಾಗ ಜೋಮು, ತೂಗಾಟ, ಮರೆವು, ಸಿಡುಕು, ಖಿನ್ನತೆ ಎಲ್ಲವೂ ಬರಬಹುದು. ನನ್ನನ್ನು ಹೆಚ್ಚು ಕಾಡಿದ್ದು ಆ ‘ರಕ್ತದ ಮಾತ್ರೆ’. ಬಿ12 ಇಲ್ಲದೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸುಧಾರಿಸಿದಂತೆ ಕಾಣಬಹುದು, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ.

ರೋಗನಿರ್ಣಯ ನನ್ನ ಕೆಲಸವಲ್ಲ. ನಾನು ಕಂಡದ್ದನ್ನೂ ಅವರು ಸೇವಿಸುತ್ತಿದ್ದ ಮಾತ್ರೆಗಳನ್ನೂ ಒಂದು ಪತ್ರದಲ್ಲಿ ಬರೆದು, ರಕ್ತಪರೀಕ್ಷೆಯ ಅಗತ್ಯವಿದೆಯೇ ಎಂದು ಕೇಳಿ ವೈದ್ಯರ ಬಳಿಗೆ ಕಳುಹಿಸಿದೆ. ಸಕ್ಕರೆ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು, ಪರೀಕ್ಷೆಗೆ ಮೊದಲು ಅಂಗಡಿಯಿಂದ ವಿಟಮಿನ್ ಮಾತ್ರೆ ಕೊಂಡು ನುಂಗಬಾರದು, ಕತ್ತಲಲ್ಲಿ ಒಬ್ಬರೇ ಓಡಾಡಬಾರದು ಎಂದು ಹೇಳಿದೆ. ಮಗನಿಗೆ ಹೇಳಿದ್ದು ಬೇರೆ: ತಾಯಿಯ ಎದುರಿಗೆ ಅರಳುಮರಳು ಎಂಬ ಮಾತನ್ನು ಯಾರೂ ಆಡದಂತೆ ನೋಡಿಕೊಳ್ಳಿ, ಅವರು ಆಗಲೇ ತಮ್ಮ ಬುದ್ಧಿಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತಿದ್ದಾರೆ. ಸೊಸೆಗೆ, ಅತ್ತೆಯ ಪಾಲಿನ ಹಾಲು-ಮೊಸರನ್ನು ಮೊದಲೇ ಬೇರೆ ಪಾತ್ರೆಯಲ್ಲಿ ತೆಗೆದಿಡಲು ಸೂಚಿಸಿದೆ. ಹಾಲಿನಿಂದ ಮಾತ್ರ ಈ ಕೊರತೆ ನೀಗುವುದಿಲ್ಲ ಎಂದೂ ಸ್ಪಷ್ಟಪಡಿಸಿದೆ.

ಪರೀಕ್ಷೆಯಲ್ಲಿ ಬಿ12 ತೀರ ಕಡಿಮೆ ಇರುವುದೂ ಕೆಂಪು ರಕ್ತಕಣಗಳು ಗಾತ್ರದಲ್ಲಿ ದೊಡ್ಡದಾಗಿರುವುದೂ ಗೊತ್ತಾಯಿತು. ವೈದ್ಯರು ಚುಚ್ಚುಮದ್ದು ಆರಂಭಿಸಿ, ಗ್ಯಾಸ್ ಮಾತ್ರೆಯ ಅಗತ್ಯವನ್ನು ಮರುಪರಿಶೀಲಿಸಿದರು. ಎರಡು ತಿಂಗಳಲ್ಲಿ ಸಿಡುಕು ಇಳಿಯಿತು, ಮಾತಿನ ನಡುವೆ ಪದ ತಪ್ಪಿಹೋಗುವುದು ನಿಂತಿತು. ಬೆರಳ ತುದಿಯ ಜೋಮು ಪೂರ್ತಿ ಹೋಗಿಲ್ಲ. ತಡವಾಗಿ ಸಿಕ್ಕ ಚಿಕಿತ್ಸೆಯಲ್ಲಿ ನರಗಳು ಪೂರ್ಣವಾಗಿ ಚೇತರಿಸಿಕೊಳ್ಳದೆ ಇರಬಹುದು ಎಂದು ವೈದ್ಯರು ಮೊದಲೇ ತಿಳಿಸಿದ್ದರು.

ಗಂಡನ ಅಗಲಿಕೆಯ ದುಃಖಕ್ಕೆ ಚುಚ್ಚುಮದ್ದಿಲ್ಲ, ಅದಕ್ಕಾಗಿ ಇನ್ನೂ ಆರು ಭೇಟಿಗಳು ನಡೆದವು. ಈಗ ಅದನ್ನು ಅಮ್ಮ ತಡವರಿಸದೆ, ತಮ್ಮದೇ ಮಾತಿನಲ್ಲಿ ಹೇಳಬಲ್ಲವರಾಗಿದ್ದರು. ಕೊನೆಯ ಭೇಟಿಯ ದಿನ ಸೊಸೆ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು: ಬೆಳಕು ಹರಿದ ಮೇಲೆ, ಮಣೆಯ ಮೇಲೆ ಕುಳಿತು ಅತ್ತೆ ಹಾಕಿದ ಏಳು ಚುಕ್ಕಿಯ ರಂಗೋಲಿ.